18 ಅಡಿ ದೋಣಿಗೆ ಜಿಪಿಎಸ್, ಫಿಶ್‌ಫೈಂಡರ್: ಆರಿಸಿದ್ದು, ಕೂರಿಸಿದ್ದು, ಸರಿ ಮಾಡಿದ್ದು

ಹಳೆಯ ಫಿಶ್‌ಫೈಂಡರ್ (ನೀರಿನ ಆಳ, ಕೆಳಗಿನ ಮೀನು ತೋರಿಸುವ ಮಷೀನ್) ಕೆಟ್ಟಾಗ ಅದರ ಪರದೆ ಚೆನ್ನಾಗಿಯೇ ಬೆಳಗುತ್ತಿತ್ತು. ಕೆಟ್ಟದ್ದು ಕೇಬಲ್. ದೋಣಿಯ ಹಿಂದಿನ ಹಲಗೆಯ ಅಂಚಿಗೆ ಉಜ್ಜಿ ಉಜ್ಜಿ ಟ್ರಾನ್ಸ್‌ಡ್ಯೂಸರ್ (ನೀರಿನೊಳಗೆ ಸದ್ದು ಕಳಿಸಿ ವಾಪಸ್ ಹಿಡಿಯುವ ಭಾಗ) ಕೇಬಲ್‌ನ ಸಿಪ್ಪೆ ಹರಿದಿತ್ತು, ಒಳಗೆ ಉಪ್ಪುನೀರು ಇಳಿದಿತ್ತು. ಬ್ಲೇಡಿನಿಂದ ಸೀಳಿ ನೋಡಿದರೆ ತಾಮ್ರ ಹಸಿರು ಪುಡಿಯಾಗಿ ಬೆರಳಿಗೆ ಅಂಟಿತು. ಆ ಪುಡಿ ನೋಡಿದ ಮೇಲೆ ಹೊಸದನ್ನು ಹೇಗೆ ಆರಿಸಬೇಕು ಅನ್ನುವುದು ನನಗೆ ಸ್ಪಷ್ಟವಾಯಿತು. ಕೆಳಗಿನಿಂದ ಮೇಲಕ್ಕೆ ಬರಬೇಕು. ಮೊದಲು ನೀರಿನ ಆಳ, ಆಮೇಲೆ ನೀರಿನಲ್ಲಿ ಮುಳುಗಿರುವ ಟ್ರಾನ್ಸ್‌ಡ್ಯೂಸರ್, ಆಮೇಲೆ ತಂತಿ, ಬ್ಯಾಟರಿ, ಕೊನೆಗೆ ಪರದೆ.

ದೋಣಿ 18 ಅಡಿಯದು, ಅಂದರೆ ಸುಮಾರು ಐದೂವರೆ ಮೀಟರ್. ಫೈಬರ್ ಮೈ, ಹಿಂದೆ 40 ಎಚ್‌ಪಿ ಔಟ್‌ಬೋರ್ಡ್ ಎಂಜಿನ್, ಸೆಲ್ಫ್ ಸ್ಟಾರ್ಟ್ ಇದೆ. ಕ್ಯಾಬಿನ್ ಇಲ್ಲ, ಮೇಲೆ ಮುಚ್ಚಿಗೆ ಇಲ್ಲ. ಬಿಸಿಲು, ಮಳೆ, ನೀರಿನ ಎರಚಲು ಎಲ್ಲ ನೇರ ಸಾಮಾನಿನ ಮೇಲೆಯೇ ಬೀಳುತ್ತದೆ. ಹೋಗುವವರು ಇಬ್ಬರು, ನಾನು ಮತ್ತು ಚಿಕ್ಕಪ್ಪ. ಗಾಳ ಜಾಸ್ತಿ, ಬಲೆ ಕಡಿಮೆ. ಹೆಚ್ಚಿನ ದಿನ 8 ಮೀಟರ್‌ನಿಂದ 40 ಮೀಟರ್ ಆಳದಲ್ಲೇ ಇರುತ್ತೇವೆ, ಅಪರೂಪಕ್ಕೆ 60 ದಾಟುತ್ತೇವೆ. ಚಿಕ್ಕಪ್ಪನ ಹತ್ತಿರ ಸೀಸದ ಗುಂಡು ಕಟ್ಟಿದ ಒಂದು ಹಗ್ಗ ಇದೆ, ಮಾರಿಗೊಂದು ಗಂಟು ಹಾಕಿದ್ದು. ಇಷ್ಟು ವರ್ಷ ಆಳ ನೋಡಿದ್ದೆಲ್ಲ ಅದರಲ್ಲೇ. ಆ ಹಗ್ಗದ ಮಾತು ಮುಂದೆ ಬರುತ್ತದೆ, ಯಾಕೆಂದರೆ ಹೊಸ ಮಷೀನನ್ನು ಪರೀಕ್ಷೆ ಮಾಡಿದ್ದು ಅದರಿಂದಲೇ.

"ಇದೆಲ್ಲ ಈಗಿನ ಕಾಲದ್ದು ಕಣೋ, ನಂಬಬಹುದಾ?" ಅಂದರು ಚಿಕ್ಕಪ್ಪ. "ಇಲ್ಲ ಚಿಕ್ಕಪ್ಪ, ಜಪಾನಿನ ಫುರುನೊ ಕಂಪನಿಯವರು 1948ರಲ್ಲೇ ಮೀನು ಹಿಡಿಯುವವರಿಗೆ ಇದನ್ನು ಮಾಡಿ ಕೊಟ್ಟಿದ್ದಾರೆ" ಅಂದೆ. ಅವರು ಸುಮ್ಮನಾದರು, ಆದರೆ ಹಗ್ಗವನ್ನು ದೋಣಿಯಿಂದ ತೆಗೆಯಲಿಲ್ಲ. ಅದು ಒಳ್ಳೆಯದೇ ಆಯಿತು.

ಈಗ ಆಯ್ಕೆಗೆ ಬರೋಣ. ಕೆಲಸ ನಡೆಯುವುದು ಹೀಗೆ: ಟ್ರಾನ್ಸ್‌ಡ್ಯೂಸರ್ ಕೆಳಕ್ಕೆ ಒಂದು ಸದ್ದು ಕಳಿಸುತ್ತದೆ, ಅದು ತಳಕ್ಕೋ ಮೀನಿಗೋ ತಾಗಿ ವಾಪಸ್ ಬರುತ್ತದೆ, ಬರಲು ಹಿಡಿದ ಸಮಯದಿಂದ ಆಳ ಲೆಕ್ಕವಾಗುತ್ತದೆ. ಸಮುದ್ರದ ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. 30 ಮೀಟರ್ ಆಳ ಇದ್ದರೆ ಹೋಗಿ ಬರಲು 60 ಮೀಟರ್, ಅಂದರೆ ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗ. ಅಷ್ಟೇ.

ಆ ಸದ್ದಿನ ಫ್ರೀಕ್ವೆನ್ಸಿ ಯಾವುದು ಅನ್ನುವುದರ ಮೇಲೆ ಉಳಿದೆಲ್ಲ ನಿಂತಿದೆ. 50 ಕಿಲೋಹರ್ಟ್ಸ್ ಆಳಕ್ಕೆ ಇಳಿಯುತ್ತದೆ, ಅಗಲವಾಗಿ ಹರಡುತ್ತದೆ, ಆದರೆ ಚಿತ್ರ ದಪ್ಪ ದಪ್ಪ. 200 ಕಿಲೋಹರ್ಟ್ಸ್ ಅಷ್ಟು ಆಳಕ್ಕೆ ಹೋಗಲ್ಲ, ಆದರೆ ಸಣ್ಣದನ್ನೂ ಬಿಡಿಸಿ ತೋರಿಸುತ್ತದೆ. ಕಾರಣ ಅಲೆಯ ಉದ್ದ. 50ರಲ್ಲಿ ಒಂದು ಅಲೆ 3 ಸೆಂಟಿಮೀಟರ್, 200ರಲ್ಲಿ ಬರೀ ಏಳೂವರೆ ಮಿಲಿಮೀಟರ್. ನೂರಾರು ಮೀಟರ್ ಆಳದಲ್ಲಿ ಕೆಲಸ ಮಾಡುವವರಿಗೆ 50 ಬೇಕೇ ಬೇಕು. ನಮ್ಮ 60 ಮೀಟರ್‌ಗೆ 200ರ ಆಸುಪಾಸು ಸಾಕು ಅಂತ ಇಲ್ಲಿಗೇ ತೀರ್ಮಾನ ಮಾಡಿದೆ. ದೊಡ್ಡ ಆಳದ ಲೆಕ್ಕ ನೋಡಿ ಮಷೀನ್ ಕೊಳ್ಳುವವರು ಜಾಸ್ತಿ. ಡಬ್ಬಿಯ ಮೇಲೆ ಬರೆದ ಆಳ ನಾವು ಯಾವತ್ತೂ ಹೋಗದ ಆಳವಾದರೆ ಅದರಿಂದ ಏನು ಉಪಯೋಗ?

ಇನ್ನೊಂದು, ಸದ್ದು ಹರಡುವ ಕೋನ. ಟಾರ್ಚ್ ಬೆಳಕಿನ ಹಾಗೆ ಅದು ಕೆಳಗೆ ಹೋದಷ್ಟೂ ಅಗಲವಾಗುತ್ತದೆ. 20 ಡಿಗ್ರಿ ಕೋನ ಇದ್ದರೆ ಆಳದ ಮೂರನೇ ಒಂದು ಭಾಗದಷ್ಟು ಅಗಲ ಅಂತ ಅಂದಾಜು ಇಟ್ಟುಕೊಳ್ಳಿ. 30 ಮೀಟರ್‌ನಲ್ಲಿ ಹತ್ತೂವರೆ ಮೀಟರ್, 9 ಮೀಟರ್‌ನಲ್ಲಿ ಬರೀ 3 ಮೀಟರ್. 60 ಡಿಗ್ರಿ ಆದರೆ 30 ಮೀಟರ್‌ನಲ್ಲಿ 34 ಮೀಟರ್‌ಗೂ ಜಾಸ್ತಿ. ಅಗಲ ಜಾಸ್ತಿ ಇದ್ದರೆ ಜಾಸ್ತಿ ಮೀನು ಕಾಣುತ್ತದೆ ಅಂತ ಮೊದಲು ನನಗೂ ಅನಿಸಿತ್ತು. ಆದರೆ ಮೀನು ದೋಣಿಯ ಸರಿಯಾಗಿ ಕೆಳಗಿದೆಯೋ ಹದಿನೈದು ಮೀಟರ್ ಪಕ್ಕದಲ್ಲಿದೆಯೋ ಅಂತ ಅದು ಹೇಳುವುದಿಲ್ಲ. ಗಾಳ ನೇರ ಕೆಳಗೆ ಬಿಡುವವರಿಗೆ ಕಿರಿದಾದ ಕೋನವೇ ಮೇಲು. ಬಂಡೆ ಇರುವ ಕಡೆಯಂತೂ ಅಗಲ ಕೋನ ಮೋಸ ಮಾಡುತ್ತದೆ: ಪಕ್ಕದ ಎತ್ತರದ ಬಂಡೆಯ ಸದ್ದು ಮೊದಲು ವಾಪಸ್ ಬಂದು, ಅದರ ಪಕ್ಕದ ತಗ್ಗಿನಲ್ಲಿ ಕೂತ ಮೀನು ಚಿತ್ರದಲ್ಲಿ ತಳದ ಬಣ್ಣದೊಳಗೇ ಮುಚ್ಚಿಹೋಗುತ್ತದೆ.

ಚರ್ಪ್ ಬೇಕಾ ಅನ್ನುವ ಪ್ರಶ್ನೆ ಬಂತು. ಹಳೆಯ ಮಷೀನ್ ಒಂದೇ ಫ್ರೀಕ್ವೆನ್ಸಿಯಲ್ಲಿ 'ಟಕ್' ಅಂತ ಹೊಡೆಯುತ್ತಿತ್ತು. ಚರ್ಪ್ ಅಂದರೆ ಉದಾಹರಣೆಗೆ 150ರಿಂದ 240 ಕಿಲೋಹರ್ಟ್ಸ್‌ವರೆಗೆ ಸ್ವರ ಏರಿಸಿದ ಹಾಗೆ ಎಳೆದು ಹೊಡೆಯುವುದು. ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು ಉದ್ದದ ಹಳೆಯ 'ಟಕ್' ನೀರಿನಲ್ಲಿ 15 ಸೆಂಟಿಮೀಟರ್ ಉದ್ದ ಇರುತ್ತದೆ. ಅದರ ಅರ್ಧದಷ್ಟು, ಅಂದರೆ ಏಳೂವರೆ ಸೆಂಟಿಮೀಟರ್ ಒಳಗೆ ಒಂದರ ಮೇಲೊಂದು ಇರುವ ಎರಡು ಮೀನು ಒಂದೇ ಆಗಿ ಕಾಣುತ್ತವೆ. ಚರ್ಪ್‌ನಲ್ಲಿ ಲೆಕ್ಕದ ಪ್ರಕಾರ ಒಂದು ಸೆಂಟಿಮೀಟರ್ ಅಂತರವನ್ನೂ ಬಿಡಿಸಬಹುದು. ತಳಕ್ಕೆ ಅಂಟಿಕೊಂಡಂತಿರುವ ಮೀನು ತಳದಿಂದ ಬೇರೆಯಾಗಿ ಕಾಣುವುದು ಇದರಿಂದಲೇ. ಆದ್ದರಿಂದ ಚರ್ಪ್ ಬೇಕು ಅಂತ ಬರೆದುಕೊಂಡೆ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಪರದೆಯ ಎತ್ತರದಲ್ಲಿ 480 ಚುಕ್ಕಿಗಳಿವೆ, ಆಳ 30 ಮೀಟರ್ ಇದೆ ಅಂದರೆ ಒಂದು ಚುಕ್ಕಿಗೆ ಆರು ಸೆಂಟಿಮೀಟರ್ ಬಂತು. ಟ್ರಾನ್ಸ್‌ಡ್ಯೂಸರ್ ಎಷ್ಟೇ ಸೂಕ್ಷ್ಮ ಇದ್ದರೂ ಪರದೆ ಆರು ಸೆಂಟಿಮೀಟರ್‌ಗಿಂತ ಚಿಕ್ಕದನ್ನು ತೋರಿಸಲಾರದು. ಹಾಗಾಗಿ ಪರದೆ ಕೊಳ್ಳುವಾಗ ಇಂಚು ಮಾತ್ರ ಕೇಳಬೇಡಿ, ಎತ್ತರಕ್ಕೆ ಎಷ್ಟು ಪಿಕ್ಸೆಲ್, ಅಂದರೆ ಚುಕ್ಕಿ, ಅಂತ ಕೇಳಿ. ತಳದ ಕೆಲವು ಮೀಟರ್ ಮಾತ್ರ ದೊಡ್ಡದು ಮಾಡಿ ತೋರಿಸುವ ಬಾಟಮ್ ಲಾಕ್ ಇದೆಯಾ ಅಂತಲೂ ನೋಡಿ. ನಾನು ಈಗ ದಿನವೂ ಬಳಸುವ ಸೌಲಭ್ಯ ಅದೊಂದೇ ಅಂದರೂ ತಪ್ಪಿಲ್ಲ.

ಸದ್ದಿನ ಶಕ್ತಿ ಹೇಳುವ ವ್ಯಾಟ್ ವಿಷಯದಲ್ಲಿ ಹುಷಾರಾಗಿರಿ. ಒಂದು ಡಬ್ಬಿಯ ಮೇಲೆ 4000 ವ್ಯಾಟ್, ಇನ್ನೊಂದರ ಮೇಲೆ 500 ವ್ಯಾಟ್ ಅಂತ ಇತ್ತು. ಮೊದಲನೆಯದರ ಪಕ್ಕ ಸಣ್ಣಕ್ಷರದಲ್ಲಿ ಪೀಕ್ ಟು ಪೀಕ್ (ಅಲೆಯ ತುದಿಯಿಂದ ತುದಿಗೆ ಅಳೆದ ಲೆಕ್ಕ) ಅಂತ, ಎರಡನೆಯದರಲ್ಲಿ ಆರ್‌ಎಂಎಸ್ (ಒಂದು ಬಗೆಯ ಸರಾಸರಿ ಲೆಕ್ಕ) ಅಂತ. ಪೀಕ್ ಟು ಪೀಕ್ ಲೆಕ್ಕವನ್ನು 8ರಿಂದ ಭಾಗಿಸಿದರೆ ಆರ್‌ಎಂಎಸ್ ಬರುತ್ತದೆ. ಅಂದರೆ ಎರಡೂ ಒಂದೇ!

ಪಕ್ಕಕ್ಕೆ ನೋಡುವ ಸೈಡ್ ಇಮೇಜಿಂಗ್ ಬಿಟ್ಟೆ. ಅದು 455 ಅಥವಾ 800 ಕಿಲೋಹರ್ಟ್ಸ್‌ನಂಥ ಎತ್ತರದ ಸದ್ದು, ಆಳ ಕಡಿಮೆ ಇರುವ ಕಡೆ ಫೋಟೊ ಹಾಗೆ ಚಂದ ಕಾಣುತ್ತದೆ. ಕೆರೆಯಲ್ಲಿ, ನದಿಯಲ್ಲಿ ಮುಳುಗಿದ ಮರ ಹುಡುಕುವವರಿಗೆ ಅದರಷ್ಟು ಒಳ್ಳೆಯದು ಇಲ್ಲ. ಅಲೆ ಎತ್ತಿ ಹಾಕುವ ನೀರಿನಲ್ಲಿ ನಮ್ಮಂಥ ಹಗುರ ದೋಣಿ ಎಡಬಲಕ್ಕೆ ಓಲಾಡುತ್ತಾ ಇರುವಾಗ ಆ ಚಿತ್ರ ಹರಿದ ಬಟ್ಟೆಯಂತಾಗುತ್ತದೆ.

ಜಿಪಿಎಸ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಈಗಿನ ಮಷೀನ್‌ಗಳಲ್ಲಿ ಒಳಗೇ ಆಂಟೆನಾ ಇರುತ್ತದೆ, ತೆರೆದ ದೋಣಿಗೆ ಅದು ಸಾಕು. 2000ನೇ ಇಸವಿಯ ಮೇ ತಿಂಗಳವರೆಗೆ ಅಮೆರಿಕದವರು ಸಾರ್ವಜನಿಕ ಜಿಪಿಎಸ್ ಸಿಗ್ನಲ್ಲನ್ನು ಬೇಕೆಂದೇ ಕೆಡಿಸಿ ಬಿಡುತ್ತಿದ್ದರು. ಆ ಕಾಲದಲ್ಲಿ ಗುರುತು ಮಾಡಿದ ಜಾಗ ನೂರು ಮೀಟರ್ ಆಚೀಚೆ ಆಗುತ್ತಿತ್ತು. ಈಗ ಕೆಲವೇ ಮೀಟರ್. ನಾನು ನೋಡಿದ್ದು ಒಂದೇ: ಸೆಕೆಂಡಿಗೆ ಎಷ್ಟು ಸಲ ಜಾಗ ಬದಲಿಸಿ ತೋರಿಸುತ್ತದೆ ಅಂತ. 10 ನಾಟ್ ವೇಗದಲ್ಲಿ ದೋಣಿ ಸೆಕೆಂಡಿಗೆ 5 ಮೀಟರ್ ಓಡುತ್ತದೆ. ಸೆಕೆಂಡಿಗೆ ಒಂದೇ ಸಲ ಬದಲಿಸುವ ಮಷೀನ್ ಚಿಕ್ಕ ಬಂಡೆಯನ್ನು ಹುಡುಕಿ ತಿರುಗುವಾಗ ಹಿಂದೆ ಬೀಳುತ್ತದೆ. 5 ಅಥವಾ 10 ಸಲ ಇದ್ದರೆ ನೆಮ್ಮದಿ.

ಫೋನ್ ಸಾಕಲ್ವಾ ಅಂತ ಕೇಳುವವರಿಗೆ: ನೆಟ್‌ವರ್ಕ್ ಇಲ್ಲದಿದ್ದರೂ ಫೋನಿನ ಜಿಪಿಎಸ್ ಓಡುತ್ತದೆ, ಅದು ನಿಜ. ಆದರೆ ಬಿಸಿಲಿಗೆ ಕಾದು ಆಫ್ ಆಗುತ್ತದೆ, ಒದ್ದೆ ಬೆರಳಿಗೆ ಮಾತು ಕೇಳಲ್ಲ. ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎರಡನೆಯದಾಗಿ ಇಟ್ಟುಕೊಳ್ಳಿ.

ಒದ್ದೆ ಬೆರಳಿನ ಕಾರಣಕ್ಕೇ ಟಚ್ ಮಾತ್ರ ಇರುವ ಮಷೀನ್ ಬೇಡ ಅಂದೆ, ಗುಂಡಿಗಳಿರುವುದನ್ನು ತೆಗೆದುಕೊಂಡೆ. ಪರದೆ 7 ಇಂಚು. ಅರ್ಧ ಮ್ಯಾಪ್, ಅರ್ಧ ಸೋನಾರ್ (ಸದ್ದಿನಿಂದ ಮೂಡುವ ಚಿತ್ರ) ಹಾಕಿದರೆ 5 ಇಂಚಿನಲ್ಲಿ ಎರಡೂ ಓದಲು ಆಗಲ್ಲ, ಅದರಲ್ಲೂ ಚಿಕ್ಕಪ್ಪನ ಕಣ್ಣಿಗೆ. ಕೊಳ್ಳುವ ಮುಂಚೆ ಅದನ್ನು ಹೊರಗೆ ಬಿಸಿಲಿಗೆ ತಂದು, ನೀವು ಕಡಲಲ್ಲಿ ಹಾಕುವ ಕಪ್ಪು ಕನ್ನಡಕ ಹಾಕಿಕೊಂಡೇ ನೋಡಿ. ಪೋಲರೈಸ್ಡ್ ಕನ್ನಡಕ ಆದರೆ ಕೆಲವು ಪರದೆಗಳು ಒಂದು ಕೋನದಲ್ಲಿ ಪೂರ್ತಿ ಕಪ್ಪಾಗುತ್ತವೆ. ನೀರು ತಡೆಯುವುದಕ್ಕೆ ಐಪಿಎಕ್ಸ್ 7 ಇದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗಬಾರದು ಅಂತ ಅರ್ಥ.

ಕಂಪನಿಯ ಹೆಸರು ಹೇಳಿ ಅಂತ ಕೇಳುತ್ತಾರೆ. ಗಾರ್ಮಿನ್, ಲಾರೆನ್ಸ್, ಹಮ್ಮಿನ್‌ಬರ್ಡ್, ಫುರುನೊ, ಯಾವುದಾದರೂ ಸರಿ, ಮೇಲಿನ ಲೆಕ್ಕಕ್ಕೆ ಕೂರಬೇಕು. ಟ್ರಾನ್ಸ್‌ಡ್ಯೂಸರ್ ಹಾಳಾದರೆ ಅದೊಂದನ್ನೇ ಬೇರೆಯಾಗಿ ತರಿಸಲು ಆಗುತ್ತಾ ಅಂತ ಮೊದಲೇ ಕೇಳಿಕೊಂಡರೆ ಒಳ್ಳೆಯದು.

ಇನ್ನು ಕೂರಿಸುವ ಕೆಲಸ. ಮೊದಲು ಹಲ್‌ಗೆ, ಅಂದರೆ ದೋಣಿಯ ಮೈಗೆ, ತೂತು ಹಾಕದೆ ಟ್ರಾನ್ಸ್‌ಡ್ಯೂಸರನ್ನು ಒಳಗಿನಿಂದಲೇ ಅಂಟಿಸಬಹುದಾ ಅಂತ ನೋಡಿದೆ. ಗಟ್ಟಿ ಫೈಬರ್ ಆದರೆ ಸದ್ದು ಅದರ ಮೂಲಕ ದಾಟುತ್ತದೆ. ನಡುವೆ ಫೋಮ್ ಅಥವಾ ಮರ ಇದ್ದರೆ ದಾಟಲ್ಲ, ಅದರೊಳಗಿನ ಗಾಳಿಯೇ ಸದ್ದನ್ನು ನುಂಗಿಬಿಡುತ್ತದೆ. ಅಂಟಿಸುವ ಮೊದಲು ಪರೀಕ್ಷೆ ಮಾಡಲು ಸುಲಭ ಉಪಾಯ ಇದೆ. ಗಟ್ಟಿ ಪ್ಲಾಸ್ಟಿಕ್ ಚೀಲಕ್ಕೆ ಅರ್ಧ ನೀರು ತುಂಬಿ, ಟ್ರಾನ್ಸ್‌ಡ್ಯೂಸರನ್ನು ಅದರೊಳಗೆ ಮುಳುಗಿಸಿ ಬಾಯಿ ಕಟ್ಟಿ, ದೋಣಿಯ ಒಳತಳವನ್ನು ಒದ್ದೆ ಮಾಡಿ ಅದರ ಮೇಲೆ ಒತ್ತಿ ಹಿಡಿಯಬೇಕು. ನಾಲ್ಕು ಜಾಗದಲ್ಲಿ ಹಿಡಿದೆ. ಮೂರು ಕಡೆ ಆಳವೇ ಬರಲಿಲ್ಲ, ನಾಲ್ಕನೇ ಕಡೆ 2 ಮೀಟರ್ ನೀರಿಗೆ 11 ಅಂತ ತೋರಿಸಿತು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಎಲ್ಲ ಕಡೆ 'ಡಬ್ ಡಬ್' ಅನ್ನುವ ಪೊಳ್ಳು ಸದ್ದು. ಫೋಮ್ ಇದೆ ಅಂತ ಖಚಿತವಾಯಿತು. ಆ ದಾರಿ ಮುಚ್ಚಿತು.

ಉಳಿದದ್ದು ಟ್ರಾನ್ಸಮ್, ಎಂಜಿನ್ ಕೂರುವ ಹಿಂದಿನ ಹಲಗೆ. ಹಿಂದಿನಿಂದ ನೋಡಿದಾಗ ನಮ್ಮ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ, ಬಲಗಡೆ ರೆಕ್ಕೆ ಕೆಳಕ್ಕೆ ಬರುತ್ತದೆ, ಎಡಗಡೆ ಮೇಲಕ್ಕೆ ಏಳುತ್ತದೆ. ರೆಕ್ಕೆ ಕೆಳಕ್ಕೆ ಬರುವ ಕಡೆ ನೀರಿನಲ್ಲಿ ಗುಳ್ಳೆ ಕಡಿಮೆ. ಹಾಗಾಗಿ ಬಲಗಡೆ, ಪ್ರೊಪೆಲ್ಲರ್‌ನಿಂದ 40 ಸೆಂಟಿಮೀಟರ್ ದೂರ ಗುರುತು ಮಾಡಿದೆ.

ಹಲಗೆಗೆ ನೇರ ಸ್ಕ್ರೂ ಹಾಕಲಿಲ್ಲ. ತರಕಾರಿ ಹೆಚ್ಚುವ ದಪ್ಪ ಬಿಳಿ ಪ್ಲಾಸ್ಟಿಕ್ ಮಣೆಯೊಂದನ್ನು ಅಂಗೈಗಿಂತ ಸ್ವಲ್ಪ ದೊಡ್ಡದಾಗಿ ಕತ್ತರಿಸಿ, ಮೊದಲು ಆ ತುಂಡನ್ನು ಟ್ರಾನ್ಸಮ್‌ಗೆ ಎರಡು ಸ್ಟೇನ್‌ಲೆಸ್ ಸ್ಕ್ರೂಗಳಿಂದ ಕೂರಿಸಿ, ಟ್ರಾನ್ಸ್‌ಡ್ಯೂಸರನ್ನು ಆ ತುಂಡಿಗೆ ಸ್ಕ್ರೂ ಮಾಡಿದೆ. ಆಮೇಲೆ ಎಷ್ಟು ಸಲ ಜಾಗ ಬದಲಿಸಿದರೂ ತೂತು ಬೀಳುವುದು ಮಣೆಗೆ, ದೋಣಿಗಲ್ಲ. ಟ್ರಾನ್ಸಮ್ ಒಳಗೆ ಪ್ಲೈವುಡ್ ಇರುತ್ತದೆ, ಒಂದೇ ಒಂದು ಸರಿಯಾಗಿ ಮುಚ್ಚದ ತೂತಿನಿಂದ ನೀರು ಇಳಿದು ಕೊಳೆಯಲು ಶುರುವಾದರೆ ಮುಂದೊಂದು ದಿನ ಎಂಜಿನ್ನೇ ಅಲುಗಾಡುತ್ತದೆ. ಆದ್ದರಿಂದ ಆ ಎರಡು ತೂತಿಗೆ ಸಮಯ ಕೊಟ್ಟೆ. ಟೇಪ್ ಅಂಟಿಸಿ, ಮೊದಲು ಡ್ರಿಲ್ ಉಲ್ಟಾ ತಿರುಗಿಸಿ ಮೇಲಿನ ಹೊಳಪಿನ ಪದರ ಚಕ್ಕೆ ಏಳದಂತೆ ಸವೆಸಿ, ಆಮೇಲೆ ನೇರ ಕೊರೆದು, ತೂತಿನೊಳಗೆ ಎಪಾಕ್ಸಿ ಅಂಟು ಸವರಿ ಒಂದು ರಾತ್ರಿ ಒಣಗಲು ಬಿಟ್ಟೆ. ಮರುದಿನ ಮರೀನ್ ಸೀಲೆಂಟ್ ತುಂಬಿ ಸ್ಕ್ರೂ ಬಿಗಿ ಮಾಡಿದೆ. ಆ ಮಣೆಯ ಪ್ಲಾಸ್ಟಿಕ್‌ಗೆ ಯಾವ ಅಂಟೂ ಸರಿಯಾಗಿ ಹಿಡಿಯಲ್ಲ, ಹಾಗಾಗಿ ಅಂಟನ್ನೇ ನಂಬಿ ಸ್ಕ್ರೂ ಬಿಡಬೇಡಿ.

ಟ್ರಾನ್ಸ್‌ಡ್ಯೂಸರ್‌ನ ಕೆಳಮೈ ದೋಣಿಯ ತಳಕ್ಕಿಂತ 3 ಮಿಲಿಮೀಟರ್ ಕೆಳಗೆ ಇರುವಂತೆ ಇಟ್ಟೆ. ಫೈಬರ್ ದೋಣಿಗೆ ಅಷ್ಟು, ಅಲ್ಯೂಮಿನಿಯಂ ಆದರೆ ಸುಮಾರು 10 ಮಿಲಿಮೀಟರ್. ಮಟ್ಟ ನೋಡುವಾಗ ದಡದಲ್ಲಿ ನೋಡಿದರೆ ಉಪಯೋಗವಿಲ್ಲ. ದೋಣಿ ನೀರಿನಲ್ಲಿರಬೇಕು, ಇಂಧನದ ಟ್ಯಾಂಕ್ ತುಂಬಿರಬೇಕು, ಚಿಕ್ಕಪ್ಪ ಅವರ ಜಾಗದಲ್ಲೇ ಕೂತಿರಬೇಕು. ಅವರು ಕೂತರೆ ಹಿಂಭಾಗ ನಾಲ್ಕು ಬೆರಳು ಇಳಿಯುತ್ತದೆ.

ಮೊದಲ ಓಟ. ನಿಧಾನವಾಗಿ ಹೋಗುವಾಗ ಚಿತ್ರ ಕನ್ನಡಿ ಹಾಗೆ. ವೇಗ 12 ನಾಟ್ ದಾಟಿದ ಕೂಡಲೇ ತಳ ಚೂರು ಚೂರಾಯಿತು, ಆಳದ ಅಂಕಿ ಮಿಟುಕಲು ಶುರುವಾಯಿತು. ವೇಗ ಇಳಿಸಿದರೆ ಸರಿ, ಏರಿಸಿದರೆ ಮತ್ತೆ ಅದೇ. ಗೇನ್ (ವಾಪಸ್ ಬಂದ ಸದ್ದನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಸೆಟ್ಟಿಂಗ್) ಏರಿಸಿ ಇಳಿಸಿ ಅರ್ಧ ದಿನ ಕಳೆದೆ, ಏನೂ ಆಗಲಿಲ್ಲ. ಸೆಟ್ಟಿಂಗ್‌ನಿಂದ ಸರಿಯಾಗುವ ತೊಂದರೆ ಅಲ್ಲ ಅದು. ಮರುದಿನ ಚಿಕ್ಕಪ್ಪನಿಗೆ ಎಂಜಿನ್ ಕೊಟ್ಟು, ನೀರು ಹೋಗದ ಕ್ಯಾಮೆರಾವನ್ನು ಉದ್ದ ಕೋಲಿಗೆ ಕಟ್ಟಿ ಟ್ರಾನ್ಸಮ್ ಹಿಂದೆ ಹಿಡಿದೆ. ವಿಡಿಯೊದಲ್ಲಿ ಕಾರಣ ಎದ್ದು ಕಾಣುತ್ತಿತ್ತು. ದೋಣಿಯ ತಳದಲ್ಲಿ ಉದ್ದಕ್ಕೂ ಎದ್ದಿರುವ ಒಂದು ಏಣು ಇದೆ, ವೇಗ ಏರಿದಾಗ ಅದರ ಹಿಂತುದಿಯಿಂದ ಬೆಳ್ಳನೆಯ ಗುಳ್ಳೆಗಳ ಪಟ್ಟಿಯೊಂದು ಹೊರಟು ನೇರ ಟ್ರಾನ್ಸ್‌ಡ್ಯೂಸರ್ ಮುಖದ ಕೆಳಗೆ ಹಾಯುತ್ತಿತ್ತು. ಸದ್ದು ಗಾಳಿಯನ್ನು ದಾಟಲಾರದು. ಆ ಪಟ್ಟಿಯ ಬಲಗಡೆ 7 ಸೆಂಟಿಮೀಟರ್ ಆಚೆ ನೀರು ತಿಳಿಯಾಗಿತ್ತು.

ಮಣೆಯ ಮೇಲೆ ಹೊಸ ತೂತು ಹಾಕಿ ಅಷ್ಟು ಸರಿಸಿದೆ, 3 ಮಿಲಿಮೀಟರ್ ಇನ್ನೂ ಇಳಿಸಿದೆ, ಹಿಂತುದಿಯನ್ನು ಒಂದು ಕೂದಲೆಳೆ ಕೆಳಕ್ಕೆ ಬಾಗಿಸಿದೆ. ಈಗ 18 ನಾಟ್‌ನಲ್ಲೂ ತಳ ಕಾಣುತ್ತದೆ. ತೀರಾ ಇಳಿಸಿದರೆ ಹಿಂದೆ ನೀರು ಕಾರಂಜಿ ಹಾಗೆ ಚಿಮ್ಮುತ್ತದೆ, ಅದು ಕಂಡರೆ ಸ್ವಲ್ಪ ಎತ್ತಬೇಕು ಅಂತ ಲೆಕ್ಕ.

ಕೇಬಲ್ ವಿಷಯದಲ್ಲಿ ಹಳೆಯ ತಪ್ಪು ಮತ್ತೆ ಆಗಬಾರದು ಅಂತ ಅಂಚಿಗೆ ತಾಗುವ ಕಡೆಯಲ್ಲೆಲ್ಲ ಸೀಳಿದ ಪೈಪಿನ ತುಂಡು ತೊಡಿಸಿದೆ. ಉಳಿದ ಉದ್ದವನ್ನು ಕತ್ತರಿಸಲಿಲ್ಲ. ಟ್ರಾನ್ಸ್‌ಡ್ಯೂಸರ್ ಕೇಬಲ್ ಕತ್ತರಿಸಿ ಗಂಟು ಹಾಕುವ ತಂತಿ ಅಲ್ಲ. ಸಡಿಲವಾಗಿ ಸುತ್ತಿ ಸೀಟಿನ ಕೆಳಗೆ ಕಟ್ಟಿ, ಎಂಜಿನ್ ತಂತಿಗಳಿಂದ ದೂರ ಇಟ್ಟೆ.

ಮುಂದಿನ ತೊಂದರೆ ಕರೆಂಟಿನದು. ಮಷೀನ್ ಹಾಕಿಕೊಂಡು ಕೂತು, ಜಾಗ ಬದಲಿಸಲು ಎಂಜಿನ್ ಸ್ಟಾರ್ಟ್ ಮಾಡಿದ ತಕ್ಷಣ ಪರದೆ ಆಫ್. ಮತ್ತೆ ಆನ್ ಆಗಿ, ಸ್ಯಾಟಲೈಟ್ ಹಿಡಿದು ನಿಲ್ಲುವಷ್ಟರಲ್ಲಿ ದೋಣಿ ಬಂಡೆಯಿಂದ ಆಚೆ ಹೋಗಿರುತ್ತಿತ್ತು. ಮಷೀನಿನ ಪ್ಲಗ್ ಹತ್ತಿರವೇ ಮಲ್ಟಿಮೀಟರ್ ಇಟ್ಟು ಸ್ಟಾರ್ಟ್ ಮಾಡಿಸಿದೆ. 12.5 ಇದ್ದದ್ದು ಒಂದು ಕ್ಷಣ 9.4ಕ್ಕೆ ಬಿತ್ತು. ನನ್ನ ಮಷೀನಿಗೆ ಕನಿಷ್ಠ 10 ವೋಲ್ಟ್ ಬೇಕು. ಸ್ವಲ್ಪ ತಪ್ಪು ನಾನು ಎಳೆದ ತಂತಿಯದೂ ಹೌದು, ಅರ್ಧ ಚದರ ಮಿಲಿಮೀಟರ್‌ನ ಸಣಕಲು ತಂತಿ. ಬ್ಯಾಟರಿಯಿಂದ ನಾಲ್ಕು ಮೀಟರ್ ದೂರ ಅಂದರೆ ಹೋಗಿ ಬರಲು ಎಂಟು ಮೀಟರ್, ಒಂದೂವರೆ ಆಂಪಿಯರ್‌ಗೆ 0.4 ವೋಲ್ಟ್ ತಂತಿಯಲ್ಲೇ ಕಳೆದುಹೋಗುತ್ತದೆ. ಆದರೆ ತಂತಿ ದಪ್ಪ ಮಾಡಿದ ಮಾತ್ರಕ್ಕೆ 9.4 ಹತ್ತರ ಮೇಲೆ ಬರಲ್ಲ.

ಹಾಗಾಗಿ ಮಷೀನಿಗೆ ಬೇರೆಯೇ ಬ್ಯಾಟರಿ ಇಟ್ಟೆ. 12 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ. ಮಷೀನ್ ಸರಾಸರಿ ಸುಮಾರು ಒಂದು ಆಂಪಿಯರ್ ಎಳೆಯುತ್ತದೆ, ಒಂದು ದಿನಕ್ಕೆ ಆರಾಮಾಗಿ ಸಾಕು. ಸೀಸದ ಬ್ಯಾಟರಿ ಆದರೆ ಅರ್ಧಕ್ಕಿಂತ ಜಾಸ್ತಿ ಇಳಿಸಬಾರದು, ಆಗ ಅದೇ 12ರಲ್ಲಿ ಆರು ಗಂಟೆ ಮಾತ್ರ. ತಂತಿ ತವರ ಲೇಪಿಸಿದ ತಾಮ್ರದ್ದು, 3 ಆಂಪಿಯರ್ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ, ಒಂದು ಗೇಣಿನೊಳಗೆ. ಫ್ಯೂಸ್ ಮಷೀನ್ ಹತ್ತಿರ ಇದ್ದರೆ ನಡುವಿನ ತಂತಿ ಉಜ್ಜಿ ಶಾರ್ಟ್ ಆದಾಗ ಕಾಯುವವರು ಯಾರೂ ಇರಲ್ಲ. ಬೇರೆ ಬ್ಯಾಟರಿಯಿಂದ ಇನ್ನೊಂದು ಲಾಭ ಆಯಿತು. ಎಂಜಿನ್ ಓಡುವಾಗ ಪರದೆ ತುಂಬ ಬೀಳುತ್ತಿದ್ದ ಮಳೆಹನಿಯಂಥ ಚುಕ್ಕಿಗಳು ಮಾಯವಾದವು. ನಿಮ್ಮಲ್ಲೂ ಆ ಚುಕ್ಕಿ ಇದ್ದರೆ ಮೊದಲು ಒಂದು ಬೇರೆ ಬ್ಯಾಟರಿಗೆ ಕೊಟ್ಟು ನೋಡಿ. ಚುಕ್ಕಿ ಹೋದರೆ ತೊಂದರೆ ಕರೆಂಟಿನ ತಂತಿಯಲ್ಲಿ, ಹೋಗದಿದ್ದರೆ ಟ್ರಾನ್ಸ್‌ಡ್ಯೂಸರ್ ಕೇಬಲ್‌ನ ದಾರಿಯಲ್ಲಿ ಅಥವಾ ನೀರಿನ ಗುಳ್ಳೆಯಲ್ಲಿ.

ಪರದೆ ಕೂರಿಸುವಾಗ ದಿಕ್ಸೂಚಿ ನೋಡಿಕೊಳ್ಳಿ. ಮಷೀನ್ ಆನ್ ಮಾಡಿ ಹತ್ತಿರ ತಂದರೆ ಮುಳ್ಳು ಅಲುಗಾಡುತ್ತದೆ. ಅಲುಗಾಡದಷ್ಟು ದೂರಕ್ಕೆ ಸರಿಸಿ ಅಲ್ಲಿ ಸ್ಟ್ಯಾಂಡ್ ಹಾಕಿದೆ. ಬ್ಯಾಟರಿ ಮುಗಿದ ದಿನ ದಡಕ್ಕೆ ಕರೆತರುವುದು ಆ ಮುಳ್ಳೇ.

ಎಲ್ಲ ಆದ ಮೇಲೆ ಹಗ್ಗದ ಪರೀಕ್ಷೆ. ನೀರಿನ ಸೆಳೆತ ನಿಂತ ಹೊತ್ತು ನೋಡಿ ಚಿಕ್ಕಪ್ಪ ಗುಂಡು ಬಿಟ್ಟರು. ಮಷೀನಿನಲ್ಲಿ ನಾನು ಆಳವನ್ನು ಫ್ಯಾದಮ್‌ಗೆ ಹಾಕಿದ್ದೆ, ಅವರಿಗೆ ಮಾರಿನ ಲೆಕ್ಕವೇ ಅಭ್ಯಾಸ ಅಲ್ವಾ.

"ಹತ್ತು ಗಂಟು ಹೋಯ್ತು. ನಿನ್ನದರಲ್ಲಿ ಎಷ್ಟು?"

"ಒಂಬತ್ತು, ಚಿಕ್ಕಪ್ಪ."

"ಒಂದು ಮಾರು ಎಲ್ಲಿ ಹೋಯ್ತು ಮತ್ತೆ?"

ದಡಕ್ಕೆ ಬಂದು ಹಗ್ಗಕ್ಕೆ ಟೇಪ್ ಹಿಡಿದೆ. ಗಂಟಿನಿಂದ ಗಂಟಿಗೆ 1.67 ಮೀಟರ್, ಎಲ್ಲ ಗಂಟಿಗೂ ಒಂದೇ ಸಮ. ಅವರು ಕೈ ಚಾಚಿ ಅಳೆದು ಹಾಕಿದ ಗಂಟುಗಳು, ಅವರ ಮಾರು ಅಷ್ಟು. ಮಷೀನಿನ ಫ್ಯಾದಮ್ 6 ಅಡಿ, ಅಂದರೆ 1.83 ಮೀಟರ್. ಹಗ್ಗದ ಲೆಕ್ಕದಲ್ಲಿ 16.7 ಮೀಟರ್, ಮಷೀನಿನ ಲೆಕ್ಕದಲ್ಲಿ ಹದಿನಾರೂವರೆಗೆ ಸ್ವಲ್ಪ ಕಡಿಮೆ. ಉಳಿದ ಒಂದು ಗೇಣು ಎಲ್ಲಿ ಅಂತ ನೋಡಿದರೆ, ಟ್ರಾನ್ಸ್‌ಡ್ಯೂಸರ್ ನೀರಿನ ಮಟ್ಟದಿಂದ 25 ಸೆಂಟಿಮೀಟರ್ ಕೆಳಗಿದೆ, ಮಷೀನ್ ಅಲ್ಲಿಂದ ಎಣಿಸುತ್ತದೆ. ಸೆಟ್ಟಿಂಗ್‌ನಲ್ಲಿ ಆಫ್‌ಸೆಟ್ 0.25 ಹಾಕಿದೆ. ಎರಡೂ ಒಂದಾದವು. ಹಗ್ಗವೂ ಸರಿ, ಮಷೀನೂ ಸರಿ ಅಂತ ಗೊತ್ತಾದಾಗ ನನಗೆ ಆದ ಖುಷಿ ಹೇಳಲಾರೆ.

ಗುಂಡಿನಿಂದ ಇನ್ನೊಂದು ಕಲಿತೆ. ಅದರ ತಳದ ಗುಳಿಗೆ ಚಿಕ್ಕಪ್ಪ ಸೋಪು ಮೆತ್ತುತ್ತಾರೆ, ಮೇಲೆ ಎಳೆದಾಗ ಕೆಸರೋ ಮರಳೋ ಅಂಟಿಕೊಂಡು ಬರುತ್ತದೆ, ಬಂಡೆ ಆದರೆ ಏನೂ ಅಂಟದೆ ಸೋಪಿನ ಮೇಲೆ ಗೀರು ಬಿದ್ದಿರುತ್ತದೆ. ಅದನ್ನು ನೋಡುತ್ತಾ ಪರದೆಯನ್ನೂ ನೋಡಿದೆ. ಗಟ್ಟಿ ತಳ ಇರುವ ಕಡೆ ಗೇನ್ ಸ್ವಲ್ಪ ಏರಿಸಿದರೆ ಆಳದ ಸರಿಯಾಗಿ ಎರಡರಷ್ಟು ಕೆಳಗೆ ಇನ್ನೊಂದು ತಳ ಕಾಣುತ್ತದೆ. ಸದ್ದು ತಳಕ್ಕೆ ಬಡಿದು, ಮೇಲೆ ಬಂದು ನೀರಿನ ಮೇಲ್ಮೈಗೆ ಬಡಿದು, ಮತ್ತೆ ಕೆಳಗೆ ಹೋಗಿ ಬಂದ ಗುರುತು ಅದು. ಕೆಸರಿನಲ್ಲಿ ಈ ಎರಡನೇ ತಳ ಬರುವುದೇ ಕಷ್ಟ. ಐದು ಕಡೆ ಗುಂಡು ಬಿಟ್ಟು ಹೋಲಿಸಿದೆ, ಐದೂ ಹೊಂದಿದವು.

ಪರದೆ ಓದುವ ಬಗ್ಗೆ ಎರಡು ಮಾತು. ಚಿತ್ರದ ಬಲ ಅಂಚು ಮಾತ್ರ ಈಗಿನದು, ಎಡಕ್ಕೆ ಇರುವುದೆಲ್ಲ ಆಗಿಹೋದದ್ದು. ಲಂಗರು ಹಾಕಿ ನಿಂತಾಗಲೂ ಚಿತ್ರ ಓಡುತ್ತಲೇ ಇರುತ್ತದೆ, ಆಗ ಒಂದೇ ಮೀನು ಕೆಳಗೆ ನಿಂತಿದ್ದರೂ ಉದ್ದ ಗೆರೆ ಎಳೆಯುತ್ತದೆ. ಕಮಾನು ಕಂಡರೆ ಮಾತ್ರ ಮೀನು ಅಂತ ಕಾಯುತ್ತಾ ಕೂರುವವರು ಇದ್ದಾರೆ. 10 ಮೀಟರ್ ಕೆಳಗಿನ ಮೀನು 20 ಡಿಗ್ರಿ ಕೋನದ ಅಂಚಿನಿಂದ ನಡುವಿಗೆ ಬಂದಾಗ ದೂರದಲ್ಲಿ ಆಗುವ ವ್ಯತ್ಯಾಸ ಬರೀ 15 ಸೆಂಟಿಮೀಟರ್. ನನ್ನ ಪರದೆಯಲ್ಲಿ 30 ಮೀಟರ್ ಹಾಕಿಕೊಂಡಿದ್ದರೆ ಅದು ಎರಡು ಮೂರು ಚುಕ್ಕಿ. ಅದರಲ್ಲಿ ಕಮಾನು ಎಲ್ಲಿಂದ ಬರಬೇಕು? ಮೀನಿನ ಚಿತ್ರ ಬರೆದು ತೋರಿಸುವ ಫಿಶ್ ಐಡಿಯನ್ನು ಮೊದಲ ದಿನವೇ ಆಫ್ ಮಾಡಿದೆ, ಪಾಚಿಯ ತುಣುಕು, ಗುಳ್ಳೆ ಎಲ್ಲದಕ್ಕೂ ಅದು ಮೀನು ಬರೆಯುತ್ತದೆ. ಮೀನಿನ ಹೊಟ್ಟೆಯೊಳಗಿನ ಗಾಳಿಚೀಲದಿಂದ ಸದ್ದು ಜೋರಾಗಿ ವಾಪಸ್ ಬರುತ್ತದೆ. ಗಾಳಿಚೀಲ ಇಲ್ಲದ ಶಾರ್ಕ್‌ನಂಥವು ದೊಡ್ಡವಾದರೂ ಮಸುಕಾಗಿಯೇ ಕಾಣುತ್ತವೆ.

ಜಿಪಿಎಸ್‌ನಲ್ಲಿ ಒಂದು ಪೆಟ್ಟು ತಿಂದೆ, ಅದನ್ನೂ ಬರೆಯಲೇಬೇಕು. ಹಳೆಯ ಪುಸ್ತಕದಿಂದ ಬಂಡೆಗಳ ಗುರುತನ್ನು ಹೊಸ ಮಷೀನಿಗೆ ತುಂಬಿದೆ. ಒಂದು ಬಂಡೆ ಎಷ್ಟು ಸುತ್ತಿದರೂ ಸಿಗಲಿಲ್ಲ. ಪುಸ್ತಕದಲ್ಲಿ ಡಿಗ್ರಿಯ ಮುಂದೆ 30.50 ಅಂತ ಇತ್ತು. ಅದು ಮೂವತ್ತೂವರೆ ಮಿನಿಟು. ಮಷೀನ್ ಡಿಗ್ರಿ, ಮಿನಿಟು, ಸೆಕೆಂಡಿನಲ್ಲಿ ಇತ್ತು, ನಾನು 30 ಮಿನಿಟು 50 ಸೆಕೆಂಡು ಅಂತ ಒತ್ತಿದ್ದೆ. ಮೂವತ್ತೂವರೆ ಅಂದರೆ 30 ಮಿನಿಟು 30 ಸೆಕೆಂಡು. 20 ಸೆಕೆಂಡಿನ ತಪ್ಪು, ಅಕ್ಷಾಂಶದಲ್ಲಿ ಅದು 617 ಮೀಟರ್. ಈಗ ಮಷೀನ್, ಫೋನ್, ಪುಸ್ತಕ ಮೂರನ್ನೂ ಡಿಗ್ರಿ ಮತ್ತು ದಶಮಾಂಶ ಮಿನಿಟಿಗೆ ಬದಲಿಸಿದ್ದೇನೆ. ಅಕ್ಷಾಂಶದ ಒಂದು ಮಿನಿಟು ಒಂದು ನಾಟಿಕಲ್ ಮೈಲಿ, 1852 ಮೀಟರ್. ಹಾಗಾಗಿ ಮೂರನೇ ದಶಮಾಂಶ ಅಂಕಿ ಅಂದರೆ ಸುಮಾರು 2 ಮೀಟರ್ ಅಂತ ನೆನಪಿಟ್ಟುಕೊಳ್ಳಲು ಸುಲಭ. ಮ್ಯಾಪ್ ಡೇಟಮ್ (ಅಕ್ಷಾಂಶ ರೇಖಾಂಶ ಎಣಿಸಲು ಹಿಡಿದ ಭೂಮಿಯ ಮಾದರಿ) ಡಬ್ಲ್ಯುಜಿಎಸ್ 84 ಇದೆಯಾ ಅಂತಲೂ ಒಮ್ಮೆ ನೋಡಿ.

ಚಾರ್ಟಿನಲ್ಲಿ, ಅಂದರೆ ಕಡಲ ನಕ್ಷೆಯಲ್ಲಿ, ಬರೆದ ಆಳ ಮತ್ತು ಸೋನಾರ್ ಹೇಳುವ ಆಳ ಬೇರೆ ಬೇರೆ ಬಂದರೆ ಗಾಬರಿ ಬೇಡ. ಚಾರ್ಟಿನ ಅಂಕಿ ನೀರು ತೀರಾ ಇಳಿದಾಗಿನದು, ಸೋನಾರ್ ಹೇಳುವುದು ಈ ಕ್ಷಣದ್ದು. ನಮ್ಮ ಬಂಡೆಗಳು ಚಾರ್ಟಿನಲ್ಲಿ ಇಲ್ಲವೇ ಇಲ್ಲ, ಅದಕ್ಕೆ ನಾವೇ ಆಳದ ಗೆರೆ ಎಳೆಯುತ್ತಿದ್ದೇವೆ. ಗಾರ್ಮಿನ್‌ನಲ್ಲಿ ಕ್ವಿಕ್‌ಡ್ರಾ, ಹಮ್ಮಿನ್‌ಬರ್ಡ್‌ನಲ್ಲಿ ಆಟೋಚಾರ್ಟ್ ಲೈವ್, ಲಾರೆನ್ಸ್‌ನಲ್ಲಿ ಜೆನೆಸಿಸ್ ಲೈವ್ ಅಂತ ಈ ಸೌಲಭ್ಯಕ್ಕೆ ಹೆಸರು. ಒಂದು ಜಾಗದ ಮೇಲೆ ಹೊಲ ಉತ್ತ ಹಾಗೆ ಹೋಗಿ ಬಂದರೆ ತಳದ ನಕ್ಷೆ ತಾನೇ ಮೂಡುತ್ತದೆ.

ಕೊನೆಗೆ ವಿಎಚ್‌ಎಫ್ ರೇಡಿಯೊ. ಅದರ ಕೆಂಪು ಗುಂಡಿ ಒತ್ತಿದರೆ ಅಪಾಯದ ಸಂದೇಶ ಹೋಗುತ್ತದೆ, ಆದರೆ ನಮ್ಮ ರೇಡಿಯೊಗೆ ತಾನು ಎಲ್ಲಿದ್ದೇನೆ ಅಂತ ಗೊತ್ತಿರಲಿಲ್ಲ. ಮಷೀನಿನ ಎನ್‌ಎಂಇಎ 0183 (ದೋಣಿಯ ಸಾಮಾನುಗಳು ಒಂದಕ್ಕೊಂದು ಮಾಹಿತಿ ಕಳಿಸುವ ಪದ್ಧತಿ) ತಂತಿಗಳನ್ನು ರೇಡಿಯೊಗೆ ಜೋಡಿಸಿ, ಎರಡೂ ಕಡೆ ಮಾಹಿತಿಯ ವೇಗ 4800 ಅಂತ ಇಟ್ಟು, ಎರಡೂ ಬ್ಯಾಟರಿಯ ಮೈನಸ್ ಒಂದು ಮಾಡಿದೆ. ಮೊದಲು ಏನೂ ಬರಲಿಲ್ಲ, ಎರಡು ತಂತಿ ಅದಲು ಬದಲಾಗಿತ್ತು. ಬದಲಿಸಿದ ಮೇಲೆ ರೇಡಿಯೊ ಪರದೆಯಲ್ಲಿ ಅಕ್ಷಾಂಶ ರೇಖಾಂಶ ಮೂಡಿತು. ಮೈನಸ್ ಸೇರಿಸಿದ್ದರಿಂದ ಆ ಮಳೆಹನಿ ಚುಕ್ಕಿ ಮತ್ತೆ ಬರುತ್ತಾ ಅಂತ ಎಂಜಿನ್ ಹಾಕಿ ನೋಡಿದೆ, ಬರಲಿಲ್ಲ. ಚಿಕ್ಕಪ್ಪನಿಗೆ ಮಷೀನಿನ ಎಂಒಬಿ (ಮ್ಯಾನ್ ಓವರ್‌ಬೋರ್ಡ್) ಗುಂಡಿಯನ್ನೂ ತೋರಿಸಿಕೊಟ್ಟೆ. ನಾನು ನೀರಿಗೆ ಬಿದ್ದರೆ ಮೊದಲು ಅದನ್ನು ಒತ್ತಿ, ಬಿದ್ದ ಜಾಗ ಗುರುತಾಗುತ್ತದೆ, ಆಮೇಲೆ ದೋಣಿ ತಿರುಗಿಸಿ ಅಂತ. ಮೂರು ಸಲ ಒತ್ತಿಸಿ ಅಭ್ಯಾಸ ಮಾಡಿಸಿದೆ.

ಬಾಕಿ ಉಳಿದಿರುವುದು ಸ್ವಲ್ಪ. ಗುರುತುಗಳನ್ನು ಮೆಮೊರಿ ಕಾರ್ಡಿಗೆ ಹಾಕಿ ಮನೆಯಲ್ಲಿ ಒಂದು ಪ್ರತಿ ಇಡಬೇಕು. ಮಣೆಯ ಮೇಲಿನ ಹಳೆಯ ತೂತು ಎರಡನ್ನು ಸೀಲೆಂಟ್‌ನಿಂದ ಮುಚ್ಚಬೇಕು. ಮತ್ತೆ ಚಿಕ್ಕಪ್ಪ ಒಂದು ಕೆಲಸ ಹೇಳಿದ್ದಾರೆ: ಹಗ್ಗದಲ್ಲಿ ಹತ್ತನೇ ಗಂಟಿನ ಪಕ್ಕ ಕೆಂಪು ದಾರ ಕಟ್ಟಬೇಕಂತೆ, 16.7 ಮೀಟರ್ ಅಂತ ಗುರುತಿಗೆ.